ರಸ್ತೆಯ ಗುಂಡಿಯೂ ಪ್ರಜೆಯ ಅಹವಾಲೂ: ಶಿವಮೊಗ್ಗ, ಭದ್ರಾವತಿಗಳನ್ನು ಕುರಿತು ಒಂದು ವಿವೇಚನೆ

ರಾಜ್ಯಗಳ ಏಳುಬೀಳುಗಳನ್ನೂ ಯುದ್ಧ ಸಂಧಾನಗಳನ್ನೂ ಅರಸುವ ಇತಿಹಾಸದ ವಿದ್ಯಾರ್ಥಿಗೆ ರಸ್ತೆಯ ಗುಂಡಿಯು ಅತ್ಯಲ್ಪ ವಿಷಯವೆಂದು ತೋರಬಹುದು. ಆದರೆ ಸಾಮಾನ್ಯ ಪ್ರಜೆಗೆ ಸರ್ಕಾರದ ಪರಿಚಯವಾಗುವುದು ಇಂತಹ ಅಲ್ಪ ವಿಷಯಗಳಲ್ಲಿಯೇ. ಗುಂಡಿಯನ್ನು ಕಂಡವನು ಯಾರಿಗೆ ಹೇಳಬೇಕು? ಹೇಳಿದುದಕ್ಕೆ ಉತ್ತರ ಕೊಡುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ತುಂಗೆಯ ದಡದ ಶಿವಮೊಗ್ಗವನ್ನೂ ಭದ್ರೆಯ ದಡದ ಭದ್ರಾವತಿಯನ್ನೂ ನೋಡುವುದು ಈ ಲೇಖನದ ಉದ್ದೇಶ.

ರಸ್ತೆಯ ಪರಮ ಶತ್ರು ನೀರು. ಹಿಮ ಬೀಳುವ ದೇಶಗಳಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ರಸ್ತೆ ಒಡೆಯುತ್ತದೆ. ಮಲೆನಾಡಿನ ಹೆಬ್ಬಾಗಿಲಾದ ನಮ್ಮ ಸೀಮೆಯಲ್ಲಿ ಹಿಮವಿಲ್ಲ. ಆದರೆ ಮುಂಗಾರಿನ ನೀರು ಡಾಂಬರಿನ ಕೆಳಗಿನ ಮಣ್ಣನ್ನು ಸಡಿಲಗೊಳಿಸುತ್ತದೆ, ಮೇಲೆ ಹಾಯುವ ಗಾಲಿಗಳು ಅದನ್ನು ಹೊರಕ್ಕೆ ಚಿಮ್ಮಿಸುತ್ತವೆ. ಪಕ್ಕದ ಚರಂಡಿ ಕಟ್ಟಿದ್ದರೆ ಒಂದೇ ಮಳೆಗಾಲದಲ್ಲಿ ಅಂಗೈಯಗಲದ ಬಿರುಕು ಹೊಂಡವಾಗುತ್ತದೆ. ಡಾಂಬರು ಬರುವ ಮುನ್ನ ಜಲ್ಲಿ ಮತ್ತು ಗರಸು ಹಾಸಿದ ರಸ್ತೆಗಳನ್ನು, ಅಡಕೆಯ ಮೂಟೆ ಹೊತ್ತ ಗಾಡಿಗಳ ಕಬ್ಬಿಣದ ಪಟ್ಟಿಗಳು ಕೊರೆದುಹಾಕುತ್ತಿದ್ದವು. ಆದುದರಿಂದ ರಸ್ತೆಯನ್ನು ಒಮ್ಮೆ ನಿರ್ಮಿಸಿದರೆ ಸಾಲದು. ಅದನ್ನು ವರ್ಷ ವರ್ಷವೂ ಕಾಯಬೇಕು.

1831ರಲ್ಲಿ ಆರಂಭವಾದ ಕಮಿಷನರ ಆಡಳಿತವು ರಸ್ತೆಯ ನಿರ್ಮಾಣದಲ್ಲಿ ಶ್ರದ್ಧೆ ವಹಿಸಿತೆಂಬುದರಲ್ಲಿ ಸಂದೇಹವಿಲ್ಲ. ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿಗಳ ರಸ್ತೆಯೂ 300ಕ್ಕೆ ಮೇಲ್ಪಟ್ಟ ಸೇತುವೆಗಳೂ ಆದವು. ಆಗುಂಬೆಯ ಘಾಟಿಯೂ ಗಾಡಿಗಳಿಗೆ ತೆರೆಯಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪಿತವಾಯಿತು. ಆದರೆ ಅಂದು ರಸ್ತೆಯ ಸ್ಥಿತಿಯನ್ನು ನೋಡುವ ಕಣ್ಣು ಅಧಿಕಾರಿಯದೇ ಆಗಿತ್ತು. ಪ್ರಜೆಯು ಅಮಲ್ದಾರನಿಗೆ ಅರ್ಜಿ ಕೊಡಬಹುದಾಗಿತ್ತು. ಆದರೆ ಅರ್ಜಿಗೆ ಉತ್ತರ ದೊರೆಯುವುದು ಅನುಗ್ರಹವಾಗಿತ್ತೇ ಹೊರತು ಹಕ್ಕಾಗಿರಲಿಲ್ಲ.

ಈ ಸ್ಥಿತಿಯಲ್ಲಿ ಮೊದಲ ಬದಲಾವಣೆ ತೋರಿದುದು 1881ರಲ್ಲಿ. ಆ ವರ್ಷದ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 144 ಮಂದಿ ಪ್ರತಿನಿಧಿಗಳ ಈ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ದಸರೆಯ ಕಾಲದಲ್ಲಿ ನೆರೆದು, ದಿವಾನರ ವರದಿಯನ್ನು ಕೇಳಿ, ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡುವುದಷ್ಟೇ ಅದರ ಕೆಲಸ. ರಸ್ತೆ, ಕೆರೆ, ಶಾಲೆ, ಕಾಡಿನ ನಿರ್ಬಂಧ ಇವೇ ಅಲ್ಲಿ ಮತ್ತೆ ಮತ್ತೆ ಬರುತ್ತಿದ್ದ ವಿಷಯಗಳು. ಕಂದಾಯದೊಂದಿಗೆ ರೈತನು ತೆರುತ್ತಿದ್ದ ಸ್ಥಳೀಯ ತೆರಿಗೆಯು ರಸ್ತೆಗಳಿಗೂ ಸಲ್ಲುತ್ತಿದ್ದುದರಿಂದ ಈ ಅರಿಕೆಯಲ್ಲಿ ಕೇವಲ ದೈನ್ಯವಿರಲಿಲ್ಲ, ಲೆಕ್ಕ ಕೇಳುವ ಧ್ವನಿಯೂ ಇತ್ತು. ಸಭೆಯ ಅಧಿಕಾರ ಅಲ್ಪವೆಂದು ಹಲವರು ಟೀಕಿಸಿದ್ದಾರೆ, ಟೀಕೆ ನ್ಯಾಯವಾದುದೇ. ಆದರೂ ದೂರು ಸಾರ್ವಜನಿಕವಾಗಿ ಹೇಳಲ್ಪಟ್ಟು, ಅದೂ ಅದರ ಉತ್ತರವೂ ಅಚ್ಚಿನಲ್ಲಿ ಉಳಿದವು. ‘ಹಣವಿಲ್ಲ’ ಎಂಬ ಉತ್ತರವೂ ಉತ್ತರವೇ. ಮರುವರ್ಷ ಅದನ್ನೇ ಹಿಡಿದು ಮತ್ತೆ ಪ್ರಶ್ನಿಸಬಹುದಾಗಿತ್ತು. 1923ರ ಕಾಯಿದೆಯಿಂದ ಶಾಸನಬದ್ಧ ಸ್ಥಾನ ಪಡೆದ ಈ ಸಭೆ 1949ರಲ್ಲಿ ಕೊನೆಗೊಂಡಿತು.

ಹೇಳುವ ಸ್ಥಳ ದೊರೆತ ಮೇಲೆ ‘ರಸ್ತೆ ಯಾರದು?’ ಎಂಬ ಎರಡನೆಯ ತೊಡಕು ಎದುರಾಯಿತು. ಭದ್ರಾವತಿಯು ಇದಕ್ಕೆ ಉತ್ತಮ ನಿದರ್ಶನ. ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಹಳೆಯ ಊರಿನ ಪಕ್ಕದಲ್ಲಿ ನ್ಯೂಟೌನ್, ಪೇಪರ್‌ಟೌನ್‌ಗಳು ಬೆಳೆದವು. ಹೀಗೆ ಒಂದೇ ಊರಿನೊಳಗೆ ಪುರಸಭೆಯ ಬೀದಿ, ಕಾರ್ಖಾನೆಯ ಬೀದಿ, ಲೋಕೋಪಯೋಗಿ ಇಲಾಖೆಯ ರಸ್ತೆ, ನಡುವೆ ಹಾಯುವ ತುಮಕೂರು–ಹೊನ್ನಾವರ ಹೆದ್ದಾರಿ ಎಂಬ ಒಡೆತನದ ಭೇದಗಳುಂಟಾದವು. ನಡೆಯುವವನ ಕಾಲಿಗೆ ಈ ಭೇದ ತಿಳಿಯದು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ನೀರು ತುಂಬಿದ ಗುಂಡಿಯಲ್ಲಿ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಾಗ ನಾವೂ ಒಂದು ಅರ್ಜಿ ಬರೆದೆವು. ಒಂದು ಕಚೇರಿಯು ರಸ್ತೆ ತನ್ನದಲ್ಲವೆಂದಿತು; ಎರಡನೆಯದು ರಸ್ತೆ ತನ್ನದು, ಚರಂಡಿ ತನ್ನದಲ್ಲವೆಂದಿತು; ಮೂರನೆಯದು ಅರ್ಜಿಯನ್ನು ಮೊದಲನೆಯದಕ್ಕೇ ಕಳುಹಿಸಿತು. ಅಷ್ಟರಲ್ಲಿ ಮಳೆಗಾಲ ಕಳೆದಿತ್ತು.

ಇಂದು ಕಾನೂನಿನ ಬೆಂಬಲ ಹಿಂದೆಂದಿಗಿಂತ ದೃಢವಾಗಿದೆ. ಭದ್ರಾವತಿಯ ನಗರಸಭೆಗೆ 1964ರ ಪೌರಸಭೆಗಳ ಅಧಿನಿಯಮವೂ ಶಿವಮೊಗ್ಗದ ಮಹಾನಗರ ಪಾಲಿಕೆಗೆ 1976ರ ಅಧಿನಿಯಮವೂ ಸಾರ್ವಜನಿಕ ಬೀದಿಗಳ ಪಾಲನೆಯನ್ನು ಕಡ್ಡಾಯ ಕರ್ತವ್ಯವನ್ನಾಗಿ ವಿಧಿಸಿವೆ. ಬೆಂಗಳೂರಿನ ರಸ್ತೆಗುಂಡಿಗಳನ್ನು ಕುರಿತ ಮೊಕದ್ದಮೆಯಲ್ಲಿ 2019ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು, ಸುಸ್ಥಿತಿಯ ರಸ್ತೆಯನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಹೇಳಿತು. ದೂರು ಕೊಡುವ ವಿಧಾನವೂ ಸುಲಭವಾಗಿದೆ. ಕೈಯಲ್ಲಿರುವ ಫೋನಿನಿಂದ ಚಿತ್ರ ತೆಗೆದು ಕ್ಷಣದಲ್ಲಿ ಕಳುಹಿಸಬಹುದು. ಆದರೆ ಕಳುಹಿಸುವುದು ಸುಲಭವಾದಷ್ಟೂ ಉತ್ತರ ಸುಲಭವಾಗಿದೆಯೇ ಎಂಬುದು ವಿಚಾರಾರ್ಹ. ಗುಂಡಿಗೆ ಮಣ್ಣು ತುಂಬಿ ‘ಪರಿಹರಿಸಲಾಗಿದೆ’ ಎಂದು ಬರೆದರೆ ದೂರು ಮುಗಿಯುತ್ತದೆ. ಮುಂದಿನ ಮಳೆಗೆ ಗುಂಡಿ ಮರಳುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ದೂರಿಗೆ ಬೆಲೆ ಬರಬೇಕಾದರೆ ಅದಕ್ಕೆ ಉತ್ತರಿಸುವ ಒಬ್ಬ ಹೊಣೆಗಾರ ಬೇಕು, ಆ ಉತ್ತರವು ಎಲ್ಲರೂ ಓದುವಂತೆ ಉಳಿಯಬೇಕು. ಮೊದಲನೆಯದನ್ನು ಸಾಧಿಸುವುದು ಆಡಳಿತಗಾರರ ಕೆಲಸ. ಎರಡನೆಯದರಲ್ಲಿ ನಮ್ಮ ಪಾಲೂ ಇದೆ. ಸ್ಥಳೀಯ ಸಂಸ್ಥೆಗಳ ಹಳೆಯ ದೂರು ಪುಸ್ತಕಗಳು ರದ್ದಿಗೆ ಹೋಗುವ ಮುನ್ನ ನಮ್ಮ ವಿದ್ಯಾರ್ಥಿಗಳು ಅವುಗಳನ್ನು ಹುಡುಕಿ ಪ್ರತಿ ಮಾಡಿಕೊಳ್ಳುವುದು ಒಳಿತು. ಶಾಸನಗಳು ಅರಸನು ಕೊಟ್ಟುದನ್ನು ತಿಳಿಸುತ್ತವೆ. ಪ್ರಜೆಯು ಕೇಳಿದುದೇನೆಂಬುದನ್ನು ತಿಳಿಸುವ ದಾಖಲೆಗಳು ಇವೇ.