ಗೇನ್ ಬಿಟ್ಟುಕೊಟ್ಟ ಲೆಕ್ಕ

1927ರ ಆಗಸ್ಟ್ 2ರ ಬೆಳಿಗ್ಗೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್, ಹಡ್ಸನ್ ನದಿ ದಾಟಿಸುವ ಫೆರ್ರಿಯಲ್ಲಿ ಕೆಲಸಕ್ಕೆ ಹೊರಟಿದ್ದರು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೇ ಒಂದು ಚಿತ್ರ, ಕೆಲವು ಸಮೀಕರಣ ಗೀಚಿದರು. ದೂರದ ಟೆಲಿಫೋನ್ ತಂತಿಯಲ್ಲಿ ದನಿ ಸೊರಗುತ್ತದೆ, ದಾರಿಯುದ್ದಕ್ಕೂ ಆಂಪ್ಲಿಫೈಯರ್ ಇಡಬೇಕು. ಆದರೆ ಪ್ರತಿಯೊಂದೂ ದನಿಯನ್ನು ಹಿಗ್ಗಿಸುವಾಗ ಅಷ್ಟಿಷ್ಟು ಕೆಡಿಸುತ್ತಿತ್ತು. ವ್ಯಾಕ್ಯೂಮ್ ಟ್ಯೂಬ್ ಹಳತಾದಂತೆ ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಪ್ರಮಾಣವೂ ಬದಲಾಗುತ್ತಿತ್ತು.

ಬ್ಲ್ಯಾಕ್ ಕಂಡ ಉಪಾಯ ಇದು: ಬೇಕಾದ್ದಕ್ಕಿಂತ ಬಹಳ ಹೆಚ್ಚು ಗೇನ್ ಇಟ್ಟುಕೊಂಡು, ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಿರುದ್ಧವಾಗಿ ಮರಳಿಸುವುದು. ಗೇನ್ ಬಹುಪಾಲು ಕರಗುತ್ತದೆ, ಜೊತೆಗೆ ದೋಷವೂ ಕರಗುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ಮುಂದೆ ಈ ಉಪಾಯ ಟೆಲಿಫೋನ್ ಬಿಟ್ಟು ಗಣಿತಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳತ್ತ ಫಿರಂಗಿಯ ಗುರಿ ಹಿಡಿಯುವ ಯಂತ್ರಗಳು ಸಂಖ್ಯೆಯ ಬದಲು ವೋಲ್ಟೇಜನ್ನೇ ಕೂಡಿ ಲೆಕ್ಕ ಹಾಕುತ್ತಿದ್ದವು. ಅಲ್ಲಿ ಹತ್ತು ಪಟ್ಟು ಎಂದರೆ ಹತ್ತೇ ಪಟ್ಟಾಗಬೇಕು, ಇಲ್ಲದಿದ್ದರೆ ಗುಂಡು ಬೇರೆಲ್ಲೋ ಹೋಗುತ್ತದೆ. 1947ರಲ್ಲಿ ಜಾನ್ ರಗಝಿನಿ ಮತ್ತು ಸಂಗಡಿಗರು ತಮ್ಮ ಪ್ರಬಂಧದಲ್ಲಿ ಇಂಥ ಸಾಧನವನ್ನು ಆಪರೇಷನಲ್ ಆಂಪ್ಲಿಫೈಯರ್ ಎಂದು ಕರೆದರು. ಅನುವಾದ ಮಾಡುವ ನನಗೆ ಈ ಹೆಸರಿನ ಮೇಲೆ ವಿಶೇಷ ಅಕ್ಕರೆ. ಇಲ್ಲಿ 'ಆಪರೇಷನ್' ಕಾರ್ಯಾಚರಣೆಯಲ್ಲ. ಕೂಡುವುದು, ಗುಣಿಸುವುದು, ಇಂಟಿಗ್ರೇಷನ್ ಮುಂತಾದ ಗಣಿತದ ಕ್ರಿಯೆ. 'ಕಾರ್ಯಾಚರಣಾ ವರ್ಧಕ' ಎಂದುಬಿಟ್ಟರೆ ಅದರ ಚರಿತ್ರೆಯೇ ಅಳಿಸಿಹೋಗುತ್ತದೆ.

ಪಠ್ಯಪುಸ್ತಕದ 'ಐಡಿಯಲ್' ಆಪ್-ಆಂಪ್‌ಗೆ ಗೇನ್ ಅನಂತ; ಇನ್‌ಪುಟ್‌ಗಳು ಕರೆಂಟ್ ಎಳೆಯುವುದಿಲ್ಲ. ಪ್ಲಸ್ ಇನ್‌ಪುಟ್ ಗ್ರೌಂಡಿಗೆ ಸೇರಿದೆ, ಮೈನಸ್ ಇನ್‌ಪುಟ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಮೂಲಕ 1 ವೋಲ್ಟ್ ಬರುತ್ತಿದೆ ಎನ್ನಿ. ಔಟ್‌ಪುಟ್‌ನಿಂದ ಅದೇ ಮೈನಸ್ ಇನ್‌ಪುಟ್‌ಗೆ 100 ಕಿಲೋ ಓಮ್. ಫೀಡ್‌ಬ್ಯಾಕ್ ಎರಡೂ ಇನ್‌ಪುಟ್‌ಗಳನ್ನು ಸಮವಾಗಿಡುವುದರಿಂದ ಮೈನಸ್ ಕೂಡ ಸೊನ್ನೆ ವೋಲ್ಟ್‌ನಲ್ಲೇ ಇರುತ್ತದೆ. ಹಾಗಾಗಿ 10 ಕಿಲೋ ಓಮ್‌ನಲ್ಲಿ ಹರಿಯುವುದು 0.1 ಮಿಲಿಆಂಪಿಯರ್. ಆ ಕರೆಂಟಿಗೆ ಆಪ್-ಆಂಪ್ ಒಳಗೆ ದಾರಿಯಿಲ್ಲ, ಪೂರ್ತಿಯಾಗಿ 100 ಕಿಲೋ ಓಮ್ ದಾಟಲೇಬೇಕು. ಅಲ್ಲಿ 10 ವೋಲ್ಟ್ ಇಳಿಯುತ್ತದೆ. ಔಟ್‌ಪುಟ್ ಮೈನಸ್ 10. ಗೇನ್ ಎಂದರೆ ಎರಡು ರೆಸಿಸ್ಟರ್‌ಗಳ ಅನುಪಾತ, ಮುಂದೆ ಒಂದು ಮೈನಸ್ ಚಿಹ್ನೆ, ಅಷ್ಟೆ. ಆಪ್-ಆಂಪ್‌ನ ಸ್ವಂತ ಗೇನ್ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಅನಂತ ಗೇನ್ ಎಲ್ಲಿಯೂ ಇಲ್ಲ ನಿಜ. 1968ರಲ್ಲಿ ಫೇರ್‌ಚೈಲ್ಡ್ ಕಂಪನಿ ತಂದ, ಇಂದಿಗೂ ಕಾಲೇಜು ಲ್ಯಾಬ್‌ಗಳಲ್ಲಿ ಸಿಗುವ 741 ಚಿಪ್‌ನ ಗೇನ್ ಸಾಮಾನ್ಯವಾಗಿ ಸುಮಾರು 2 ಲಕ್ಷ. ಅದು ಅರ್ಧಕ್ಕೆ ಇಳಿದರೂ ಮೇಲಿನ ಉತ್ತರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಕದಲುವುದಿಲ್ಲ. ಫೆರ್ರಿಯಲ್ಲಿ ಬ್ಲ್ಯಾಕ್ ಬಿಟ್ಟುಕೊಡಲು ಒಪ್ಪಿದ ಗೇನ್‌ಗೆ ಪ್ರತಿಯಾಗಿ ಸಿಕ್ಕಿದ್ದು ಈ ನಿಶ್ಚಿತತೆ.