ಕಲಾವಿದರ ಹಕ್ಕುಗಳು (ಭಾರತ)

ಚಿತ್ರಕಾರ, ಶಿಲ್ಪಿ, ವಾಸ್ತುಶಿಲ್ಪಿ, ವಿನ್ಯಾಸಕಾರ, ರಂಗಕರ್ಮಿ ಮೊದಲಾದವರಿಗೆ ತಮ್ಮ ಸೃಷ್ಟಿಯ ಮೇಲೆ ಕಾನೂನು ಮಾನ್ಯ ಮಾಡಿರುವ ಹಕ್ಕುಗಳು. ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯ, 1957ರ ಕೃತಿಸ್ವಾಮ್ಯ ಕಾಯ್ದೆ, 2000ದ ವಿನ್ಯಾಸ ಕಾಯ್ದೆ ಮತ್ತು 1999ರ ಭೌಗೋಳಿಕ ಸೂಚಕಗಳ ಕಾಯ್ದೆ ಇವುಗಳ ಮುಖ್ಯ ಆಧಾರ. ಕೃತಿಯನ್ನು ರಚಿಸುವ ಸ್ವಾತಂತ್ರ್ಯ ಸಂವಿಧಾನದಿಂದ ಬಂದರೆ, ರಚಿಸಿದ್ದು ಯಾರದು, ಅದನ್ನು ಯಾರು ಏನು ಮಾಡಬಹುದು ಎಂಬುದನ್ನು ಉಳಿದ ಕಾಯ್ದೆಗಳು ಹೇಳುತ್ತವೆ.

ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ 19(2)ನೇ ವಿಧಿಯ ಮಿತಿಗಳಿವೆ. ಸಭ್ಯತೆ, ನೈತಿಕತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಸರ್ಕಾರ ಸಮಂಜಸ ನಿರ್ಬಂಧ ಹೇರಬಹುದು. ಈ ಮಿತಿ ಎಲ್ಲಿಗೆ ನಿಲ್ಲಬೇಕು ಎಂಬುದಕ್ಕೆ ಎಂ.ಎಫ್. ಹುಸೇನ್ ಪ್ರಕರಣವನ್ನು ಹೆಚ್ಚಾಗಿ ಉದಾಹರಿಸುತ್ತಾರೆ. ಭಾರತಮಾತೆಯನ್ನು ನಗ್ನವಾಗಿ ಚಿತ್ರಿಸಿದರೆಂದು ಅವರ ಮೇಲೆ ಬೇರೆ ಬೇರೆ ಊರುಗಳಲ್ಲಿ ಹೂಡಿದ್ದ ಕ್ರಿಮಿನಲ್ ಮೊಕದ್ದಮೆಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2008ರ ಮೇ 8ರಂದು ರದ್ದುಮಾಡಿತು. ನಗ್ನತೆಯಷ್ಟೇ ಅಶ್ಲೀಲವಲ್ಲ ಎಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತೀರ್ಪಿತ್ತರು. ದೇಶ ಬಿಟ್ಟು ಹೋಗಿದ್ದ ಕಲಾವಿದ ಗೆದ್ದರೂ ಊರಿಗೆ ಮರಳಲಿಲ್ಲ. 2010ರಲ್ಲಿ ಕತಾರಿನ ಪೌರತ್ವ ಪಡೆದ ಹುಸೇನ್ 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಕೃತಿ ಮಾರಾಟವಾದ ಮೇಲೂ ಕರ್ತೃವಿನಲ್ಲಿ ಉಳಿಯುವ ಹಕ್ಕುಗಳಿಗೆ ನೈತಿಕ ಹಕ್ಕುಗಳೆಂದು ಹೆಸರು. ಫ್ರಾನ್ಸಿನಲ್ಲಿ ಬೆಳೆದ ಈ ಕಲ್ಪನೆ 1928ರ ರೋಮ್ ಪರಿಷ್ಕರಣೆಯಲ್ಲಿ ಬರ್ನ್ ಒಪ್ಪಂದದೊಳಕ್ಕೆ ಬಂತು. ಭಾರತದಲ್ಲಿ ಇದು ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಲ್ಲಿದೆ. ಕೃತಿ ತನ್ನದೆಂದು ಹೇಳಿಕೊಳ್ಳುವುದು ಮೊದಲ ಹಕ್ಕು, ಅದನ್ನು ವಿರೂಪಗೊಳಿಸದಂತೆ ತಡೆಯುವುದು ಎರಡನೆಯದು. ಕೃತಿಸ್ವಾಮ್ಯವನ್ನು ಪೂರ್ತಿ ಬರೆದುಕೊಟ್ಟರೂ ಇವೆರಡು ಕರ್ತೃವಿನಲ್ಲೇ ಉಳಿಯುತ್ತವೆ.

ಈ ಕಲಮಿಗೆ ಜೀವ ಬಂದದ್ದು ಶಿಲ್ಪಿ ಅಮರನಾಥ ಸೆಹಗಲ್ ಹೂಡಿದ ದಾವೆಯಿಂದ. ದೆಹಲಿಯ ವಿಜ್ಞಾನ ಭವನದ ಪಡಸಾಲೆಗೆ ಕಂಚಿನ ಭಿತ್ತಿಶಿಲ್ಪವೊಂದನ್ನು ಮಾಡಿಕೊಡಲು ಕೇಂದ್ರ ಸರ್ಕಾರ 1957ರಲ್ಲಿ ಅವರನ್ನು ಕೇಳಿತು. ಗ್ರಾಮೀಣ ಬದುಕನ್ನೂ ಹೊಸ ಭಾರತವನ್ನೂ ಬಿಂಬಿಸಿದ, 140 ಅಡಿ ಉದ್ದ, 40 ಅಡಿ ಎತ್ತರದ ಆ ಶಿಲ್ಪ ಮುಗಿದದ್ದು 1962ರಲ್ಲಿ. 1979ರಲ್ಲಿ ಕಟ್ಟಡದ ನವೀಕರಣಕ್ಕೆಂದು ಶಿಲ್ಪಿಗೆ ಒಂದು ಮಾತೂ ತಿಳಿಸದೆ ಅದನ್ನು ಕಿತ್ತು ಉಗ್ರಾಣಕ್ಕೆ ಸಾಗಿಸಲಾಯಿತು. ಸಾಗಾಟದಲ್ಲಿ ತುಂಡುಗಳು ಜಖಂಗೊಂಡವು, ಕೆಲವು ಕಾಣೆಯಾದವು. ಕಾಣೆಯಾದವುಗಳಲ್ಲಿ ಸೆಹಗಲ್ ತಮ್ಮ ಹೆಸರು ಕೊರೆದಿದ್ದ ತುಂಡೂ ಇತ್ತು. ಪತ್ರಗಳಿಗೆ ಉತ್ತರ ಸಿಗದೆ ಅವರು 1992ರಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಹಣ ಕೊಟ್ಟು ಕೊಂಡದ್ದು ನಮ್ಮ ಸ್ವತ್ತು, ಕೃತಿಸ್ವಾಮ್ಯವೂ ನಮ್ಮದು ಎಂಬುದು ಸರ್ಕಾರದ ವಾದ. 2005ರ ಫೆಬ್ರುವರಿ 21ರಂದು ನ್ಯಾಯಮೂರ್ತಿ ಪ್ರದೀಪ್ ನಂದ್ರಾಜೋಗ್ ಅದನ್ನು ತಳ್ಳಿಹಾಕಿ, ಕೃತಿಯ ನಾಶ ವಿರೂಪದ ಪರಮಾವಧಿಯೆಂದು ಬಗೆದರು. ಉಳಿದ ತುಂಡುಗಳನ್ನು ಶಿಲ್ಪಿಗೇ ಮರಳಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಆದೇಶಿಸಿದರು. ಕೇಳಿದ್ದು 50 ಲಕ್ಷ. ಆದರೂ ಭಾರತದ ಕಲಾಕಾನೂನಿನಲ್ಲಿ ಇದಕ್ಕಿಂತ ಹೆಚ್ಚು ಉಲ್ಲೇಖಗೊಂಡ ತೀರ್ಪು ಬೇರೆ ಸಿಗುವುದು ಕಷ್ಟ.

ದಾವೆ ನಡೆಯುತ್ತಿದ್ದಾಗಲೇ, 1994ರಲ್ಲಿ, ಸಂಸತ್ತು 57ನೇ ಕಲಮನ್ನು ಬಿಗಿಗೊಳಿಸಿತ್ತು. ಈಗ ವಿರೂಪ ಮಾಡಿದ್ದಷ್ಟೇ ಸಾಲದು, ಅದರಿಂದ ಕರ್ತೃವಿನ ಗೌರವಕ್ಕೋ ಖ್ಯಾತಿಗೋ ಧಕ್ಕೆಯಾಗಬೇಕು. ಕೃತಿಯನ್ನು ಪ್ರದರ್ಶನಕ್ಕೆ ಇಡದಿರುವುದು ಉಲ್ಲಂಘನೆಯಲ್ಲ ಎಂಬ ವಿವರಣೆಯೂ ಸೇರಿತು. ಇದರ ಪರಿಣಾಮ ಕಂಡದ್ದು ದೆಹಲಿಯ ಪ್ರಗತಿ ಮೈದಾನದ ‘ಹಾಲ್ ಆಫ್ ನೇಷನ್ಸ್’ ವಿಷಯದಲ್ಲಿ. ವಾಸ್ತುಶಿಲ್ಪಿ ರಾಜ್ ರೇವಲ್ ರೂಪಿಸಿದ, 1972ರಲ್ಲಿ ತೆರೆದ ಈ ಕಾಂಕ್ರೀಟ್ ಜಾಲಂದ್ರದ ಕಟ್ಟಡವನ್ನು 2017ರ ಏಪ್ರಿಲ್‌ನಲ್ಲಿ ನೆಲಸಮ ಮಾಡಲಾಯಿತು. ಅದನ್ನು ಮತ್ತೆ ಕಟ್ಟಿಸಿಕೊಡಬೇಕೆಂಬ ರೇವಲ್ ಅವರ ದಾವೆಯನ್ನು 2019ರಲ್ಲಿ ಅದೇ ಉಚ್ಚ ನ್ಯಾಯಾಲಯ ವಜಾಮಾಡಿತು. ಪೂರ್ತಿ ಇಲ್ಲವಾದದ್ದನ್ನು ಯಾರೂ ನೋಡಲಾರರು, ನೋಡಲಾಗದ್ದರಿಂದ ಖ್ಯಾತಿ ಕೆಡದು ಎಂಬುದು ತೀರ್ಪಿನ ತರ್ಕ. ಒಂದು ಗೋಡೆ ಕೆಡವಿದರೆ ತಪ್ಪು, ಇಡೀ ಕಟ್ಟಡ ಕೆಡವಿದರೆ ತಪ್ಪಲ್ಲ ಎಂಬ ವಿಚಿತ್ರ ಸ್ಥಿತಿಗೆ ಈ ತರ್ಕ ದಾರಿಮಾಡುತ್ತದೆ. ನೆಲದ ಮಾಲೀಕನ ಆಸ್ತಿಹಕ್ಕನ್ನು ಕಡೆಗಣಿಸಲಾಗದು ಎಂಬ ಅದರ ಇನ್ನೊಂದು ಕಾರಣವೇ ಹೆಚ್ಚು ಗಟ್ಟಿ.

ಕೃತಿಸ್ವಾಮ್ಯದ ಮೊದಲ ಒಡೆಯ ಸಾಮಾನ್ಯವಾಗಿ ಕರ್ತೃವೇ. ನೋಂದಣಿ ಕಡ್ಡಾಯವಲ್ಲ. ಕರ್ತೃವಿನ ಮರಣಾನಂತರ 60 ವರ್ಷ ಹಕ್ಕು ನಡೆಯುತ್ತದೆ. ಆದರೆ 17ನೇ ಕಲಮಿನ ಅಪವಾದಗಳನ್ನು ಕಲಾವಿದರು ಗಮನಿಸುವುದು ಕಡಿಮೆ. ನೌಕರಿಯಲ್ಲಿದ್ದು ಕೆಲಸದ ಭಾಗವಾಗಿ ಮಾಡಿದ್ದು ಯಜಮಾನನದು. ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಬರೆಸಿಕೊಂಡವರಿಗೆ ಹೋಗುತ್ತದೆ. ಈ ಪಟ್ಟಿಯಲ್ಲಿ ಶಿಲ್ಪದ ಹೆಸರಿಲ್ಲ.

ಕರ್ನಾಟಕದಲ್ಲಿ ಒಡೆತನದ ಈ ಪ್ರಶ್ನೆ ಎದ್ದದ್ದು ಶಿವರಾಮ ಕಾರಂತರ ಯಕ್ಷರಂಗದ ಸುತ್ತ. ಯಕ್ಷಗಾನದ ರಾಗ, ಕುಣಿತ, ವೇಷಗಳನ್ನು ಪರಿಷ್ಕರಿಸಿ ಕಾರಂತರು ಈ ಬ್ಯಾಲೆ ರೂಪವನ್ನು ಕಟ್ಟಿದ್ದರು. 1994ರ ಉಯಿಲಿನಂತೆ ಅವರ ಹಕ್ಕುಗಳು ಆಪ್ತ ಸಹಾಯಕಿಗೆ ಸೇರಿದವು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ಅನುಮತಿ ಇಲ್ಲದೆ ಪ್ರದರ್ಶನ ನಡೆಯಿತೆಂದು ಆಕೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ತಾನು ನಡೆಸುವ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿ, ತನ್ನ ನೆರವಿನಿಂದಲೇ ಕಾರಂತರು ಇದನ್ನು ರೂಪಿಸಿದರೆಂಬ ಸಂಸ್ಥೆಯ ವಾದ ನಿಲ್ಲಲಿಲ್ಲ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ನಾಟಕಕೃತಿಯೆಂದು ಪರಿಗಣಿಸಿ, ಉಯಿಲಿನ ಉಳಿಕೆ ಸ್ವತ್ತಿನ ಭಾಗದಲ್ಲಿ ಹಕ್ಕು ವರ್ಗಾವಣೆಯಾಗಿದೆ ಎಂದಿತು. ಜೊತೆಗೆ, ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳು, ಅಂದರೆ ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಇಲ್ಲವೆ ಹಣ ಕೊಡದ ಪ್ರೇಕ್ಷಕರ ಮುಂದೆ ಆಡುವಂಥವು, ಸಂಸ್ಥೆಗೂ ಲಭ್ಯವೆಂದು ತಡೆಯಾಜ್ಞೆಯನ್ನು ತಿದ್ದಿತು. ಹಳೆಯ ಜನಪದ ಕಲೆ ಯಾರೊಬ್ಬರದೂ ಅಲ್ಲ. ಅದರ ಮೇಲೆ ಒಬ್ಬರು ಕಟ್ಟಿದ ಹೊಸ ರೂಪಕ್ಕೆ ಮಾತ್ರ ಒಡೆತನವಿದೆ.

ವಿನ್ಯಾಸಕಾರರ ಪಾಡು ಬೇರೆ. ಸೀರೆಯ ಸೆರಗಿಗೆಂದು ಕಾಗದದ ಮೇಲೆ ಬರೆದ ಚಿತ್ರ ಕಲಾಕೃತಿ. ವಿನ್ಯಾಸವಾಗಿ ನೋಂದಾಯಿಸಬಹುದಾದ್ದನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಸೀರೆಗಳಿಗೆ ಇಳಿಸಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಅಲ್ಲಿಗೇ ಮುಗಿಯುತ್ತದೆ. ನೋಂದಾಯಿಸಿದರೆ ಸಿಗುವುದು 10 ವರ್ಷ, ನವೀಕರಿಸಿದರೆ ಇನ್ನೂ 5. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಆಟಿಕೆ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗಳಿಗೆ ಭೌಗೋಳಿಕ ಸೂಚಕ (ಜಿಐ) ಟ್ಯಾಗ್ ಇದೆ. ಅದು ಊರಿನ ಹೆಸರನ್ನೂ ಕಸುಬನ್ನೂ ಕಾಯುತ್ತದೆಯೇ ಹೊರತು ಒಬ್ಬ ಕುಶಲಕರ್ಮಿ ಹೊಸದಾಗಿ ರೂಪಿಸಿದ ನಮೂನೆಯನ್ನಲ್ಲ.

ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಬಾಯಿಮಾತಿಗೆ ಬೆಲೆಯಿಲ್ಲ. 19ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಅಚ್ಚಾದ ನಮೂನೆಗೆ ಸಹಿ ಹಾಕುವ ಕಲಾವಿದರು ಈ ಎರಡು ಸಾಲುಗಳನ್ನಾದರೂ ಓದಿ ನೋಡಬೇಕು.