ಗಾಜಿನೆಳೆಯ ಕೇಬಲುಗಳೂ ಅವುಗಳಲ್ಲಿ ತುಂಬುವ ಜೆಲ್ಲೂ

1966ರಲ್ಲಿ ಕಾವೊ ಮತ್ತು ಹಾಕಮ್ ಎಂಬ ವಿಜ್ಞಾನಿಗಳು, ಬೆಳಕಿನ ನಷ್ಟವು ಕಿಲೋಮೀಟರಿಗೆ 20 ಡೆಸಿಬೆಲ್ಲಿಗೆ ಇಳಿದರೆ ಗಾಜಿನೆಳೆಯು ಸಂದೇಶವಾಹಕವಾಗಬಲ್ಲುದೆಂದು ಪ್ರತಿಪಾದಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಆ ಎಲ್ಲೆಯನ್ನು ದಾಟಿದರು. ಇನ್ನು ಎಳೆಯನ್ನು ನೀರಿನಿಂದ ಕಾಪಾಡಬೇಕಾಗಿದ್ದಿತು. ತಾಮ್ರದ ದೂರವಾಣಿ ಕೇಬಲುಗಳಿಗೆ ಪೆಟ್ರೋಲಿಯಮ್ ಜೆಲ್ಲಿಯನ್ನು ತುಂಬುವ ಪದ್ಧತಿಯು 1960ರ ದಶಕದಲ್ಲಿಯೇ ಬಂದಿದ್ದಿತು. ಅದೇ ಉಪಾಯವನ್ನು ಇಲ್ಲಿಗೂ ತಂದರು.

ಆದರೆ ತಾಮ್ರಕ್ಕೆ ಒಗ್ಗಿದುದೆಲ್ಲವೂ ಗಾಜಿಗೆ ಒಗ್ಗಲಿಲ್ಲ. ಚಳಿಯಲ್ಲಿ ಜೆಲ್ ಬಿರುಸಾದರೆ, ಕೇಬಲು ಕುಗ್ಗುವಾಗ ಎಳೆಯು ಸರಿದಾಡಲಾರದೆ ಸೂಕ್ಷ್ಮವಾಗಿ ಬಾಗುವುದು. ಆ ಬಾಗುಗಳಲ್ಲಿ ಬೆಳಕು ಹೊರಕ್ಕೆ ಸೋರುವುದು. ಸೆಕೆಯಲ್ಲಿ ತೀರ ತೆಳುವಾದರೆ ಜೆಲ್ಲೇ ಹರಿದುಹೋಗಿ ನೀರಿಗೆ ಎಡೆಯಾಗುವುದು. ಆದುದರಿಂದ ಅಲುಗಿಸಿದಾಗ ಸಡಿಲಿ, ನಿಂತಾಗ ಮತ್ತೆ ಗಟ್ಟಿಗೊಳ್ಳುವ ಜೆಲ್ಲನ್ನು ಆರಿಸಿಕೊಂಡರು.

1980ರ ದಶಕದ ಆರಂಭದಲ್ಲಿ ಮತ್ತೊಂದು ದೋಷವು ಗೋಚರಿಸಿತು. ಲೋಹಭಾಗಗಳ ಸವೆತದಿಂದಲೂ ಕೆಲವು ಸಿಲಿಕೋನ್ ದ್ರವ್ಯಗಳಿಂದಲೂ ಹುಟ್ಟಿದ ಜಲಜನಕವು ಗಾಜಿನೊಳಕ್ಕೆ ಇಳಿದು, 1240 ನ್ಯಾನೋಮೀಟರಿನ ಬಳಿಯ ಬೆಳಕನ್ನು ಹೀರುತ್ತಿದ್ದಿತು. ನೀರನ್ನು ತಡೆದ ಮಾತ್ರಕ್ಕೆ ಎಳೆಯು ಸುರಕ್ಷಿತವಲ್ಲವೆಂದು ಆಗ ತಿಳಿಯಿತು. ಜಲಜನಕವನ್ನೇ ಹೀರಿ ಬಂಧಿಸುವ ಜೆಲ್ಲುಗಳೂ ತಯಾರಾದವು.

ಗಾಜಿನ ಶುದ್ಧಿಯನ್ನು ವರ್ಣಿಸುವ ಇತಿಹಾಸಕಾರರು ಈ ಜೆಲ್ಲಿನ ವೃತ್ತಾಂತವನ್ನೂ ಅದರೊಡನೆ ಹೇಳುವುದು ಯುಕ್ತವು.